ಅಂತರಗಂಗೆಯ ಬೇರಿನಲ್ಲಿ

ಹಸಿರು ಕಿತ್ತೆಸೆಯುವ ಕೈ ಕೇಶವಮೂರ್ತಿಯದಲ್ಲ. ಚಿತ್ರದುರ್ಗದ ಕಡೆಯವನು. ಬಚ್ಚಲ ಹಿಂದೆ ತಾನಾಗಿ ಹುಟ್ಟಿದ ಗಿಡಕ್ಕೂ ಪಾತ್ರೆ ತೊಳೆದ ನೀರು ಹಾಯಿಸಿ ಬದುಕಿಸುತ್ತಿದ್ದ ಮನೆಯಲ್ಲಿ ಬೆಳೆದವನು. ಉಕ್ಕಿನ ಕಾರ್ಖಾನೆಯ ನೌಕರಿ ಅವನನ್ನು ವಿಶಾಖಪಟ್ಟಣದ ಗಾಜುವಾಕಕ್ಕೆ ತಂದು ಹಾಕಿ ಆರು ವರ್ಷವಾಗಿತ್ತು. ಬಾಡಿಗೆ ಮನೆಯ ಹಿತ್ತಲಲ್ಲಿ ಎರಡು ಮಂಚದಷ್ಟು ಅಗಲದ ಕೊಳವಿದೆ ಎನ್ನುವುದು ಅವನಿಗೆ ಇವತ್ತಿಗೂ ಪೂರ್ತಿ ನಂಬಿಕೆಯಾಗದ ವಿಷಯ.

ಕೊಳ ಮಾಲೀಕರಾದ ಗಂಗಾಭವಾನಿಯವರದು. ಮಹಡಿಯ ಮೇಲಿರುವ ನಿವೃತ್ತ ಶಾಲಾ ಮೇಡಂ. ಮಗಳ ಬಾಣಂತನಕ್ಕೆಂದು ವಿಜಯವಾಡಕ್ಕೆ ಹೊರಟಾಗ ಐದು ಗೋಲ್ಡ್‌ಫಿಶ್‌ಗಳನ್ನು ಅವನಿಗೊಪ್ಪಿಸಿ, ಅಂತರಗಂಗೆಯನ್ನು ಭಾನುವಾರಕ್ಕೊಮ್ಮೆ ಅರ್ಧ ತೆಗೆಯಬೇಕೆಂದು ಹೇಳಿಹೋಗಿದ್ದರು. ಪುಟ್ಟ ಎಲೆಕೋಸಿನಂತೆ ಅರಳಿ ನೀರ ಮೇಲೆ ತೇಲುವ ಆ ಗಿಡ ವಾರದಲ್ಲಿ ಎರಡರಷ್ಟಾಗುತ್ತದೆ.

ಎರಡು ತಿಂಗಳಲ್ಲಿ ಮೂರ್ತಿ ಒಂದನ್ನೂ ತೆಗೆಯಲಿಲ್ಲ. ನೀರೇ ಕಾಣದಂತೆ ಹಬ್ಬಿದ ಹಸಿರಿನ ಮುಂದೆ ಕಾಫಿ ಲೋಟ ಹಿಡಿದು ನಿಂತು, ತಾನೇ ಬೆಳೆಸಿದವನಂತೆ ಬೀಗಿದ.

ಗಂಗಾಭವಾನಿ ವಾಪಸು ಬರುವ ದಿನ ಬೆಳಕು ಹರಿಯುವಾಗ ನೋಡಿದರೆ, ಎಲೆಗಳ ಸಂದಿಯಲ್ಲಿ ನಾಲ್ಕು ಬಾಯಿಗಳು ಗಾಳಿಗಾಗಿ ತೆರೆದು ಮುಚ್ಚುತ್ತಿದ್ದವು. ಐದನೆಯ ಮೀನು ಮಗ್ಗುಲಾಗಿ ತೇಲುತ್ತಿತ್ತು. ಫೋನ್ ಮಾಡಿದಾಗ ಅವರ ರೈಲು ತುನಿ ಸ್ಟೇಷನ್ ದಾಟಿತ್ತು.

"ಮೂರ್ತಿಗಾರು, ಕಂಗಾರು ಪಡಬೇಡಿ, ಗಾಬರಿ ಬೇಡ. ಅರ್ಧ ತೆಗೀರಿ. ಮಗ್ಗಿನಲ್ಲಿ ನೀರೆತ್ತಿ ಮೇಲಿಂದ ಸುರೀತಾ ಇರಿ, ಗಾಳಿ ಬೆರೀಲಿ. ತೆಗೆದ ಗಿಡ ಮಾತ್ರ ಕೂಡಲೇ ಗೊಬ್ಬರದ ಗುಂಡಿಗೆ ಹಾಕಬೇಡಿ. ದಡದ ಇಳಿಜಾರಲ್ಲಿ ಒಂದು ಗಂಟೆ ಇಡಿ."

ಯಾಕೆಂದು ಕೇಳುವ ಮುಖ ಅವನಿಗಿರಲಿಲ್ಲ. ಎಳೆದು ರಾಶಿ ಹಾಕಿದ. ಹೆಂಡತಿ ಅನುಸೂಯಾ ಮಗ್ಗಿನಿಂದ ನೀರು ಸುರಿದಳು. ತೆರೆದ ನೀರಿನಲ್ಲಿ ನಾಲ್ಕು ಮೀನುಗಳು ನಿಧಾನಕ್ಕೆ ಕೆಳಗಿಳಿದವು. ಐದನೆಯದು ಇಳಿಯಲಿಲ್ಲ.

ಆಗ ರಾಶಿ ಅಲುಗಿತು.

ಮೊದಲು ಒಂದು ಬಸವನಹುಳು ಹೊರಬಂತು. ಹಿಂದೆಯೇ ಆರು ಕಾಲಿನ, ರೆಕ್ಕೆ ಬಾರದ ಏರೋಪ್ಲೇನ್ ಚಿಟ್ಟೆಯ ಮರಿಗಳು, ಅಕ್ಕಿಕಾಳಿನಷ್ಟು ಸೀಗಡಿಗಳು, ಹೆಸರೇ ಗೊತ್ತಿಲ್ಲದ ಹತ್ತಾರು ಬಗೆ. ತೆವಳಿ, ಕುಪ್ಪಳಿಸಿ, ಜಾರಿ, ಎಲ್ಲವೂ ಕೊಳದ ಕಡೆಗೇ ಹೊರಟಿದ್ದವು. ದಾರಿ ತಪ್ಪಿದ್ದು ಒಂದೂ ಕಾಣಲಿಲ್ಲ.

"ಏನ್ರೀ, ಇಷ್ಟೆಲ್ಲಾ ಅದರೊಳಗೇ ಇದ್ವಾ?" ಎಂದಳು ಅನುಸೂಯಾ, ಸುರಿಯುವುದನ್ನೂ ಮರೆತು.

"ಎರಡು ತಿಂಗಳಿಂದ ಬರೀ ಮೇಲ್ಗಡೆ ನೋಡ್ಕಂಡು ನಿಂತಿದ್ದೆ ಕಣೆ" ಎಂದ ಮೂರ್ತಿ. ಕಾಲು ಮಡಚಿ ಕುಳಿತ. ಒಂದರ ಮೇಲೂ ಕಾಲಿಡದಂತೆ ಏಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಕೊಳದಲ್ಲಿ ಉಳಿದ ಗಿಡಗಳ ಜಡೆಯಂಥ ಬೇರುಗಳ ನಡುವೆ ಏನೋ ಮಿಣುಕಿತು. ಬಗ್ಗಿ ನೋಡಿದ. ಸೂಜಿಯಷ್ಟು ಸಣ್ಣ ಕಂದು ಗೆರೆಗಳು, ಒಂದೊಂದಕ್ಕೂ ಎರಡು ಕಣ್ಣು. ನೂರೋ ಇನ್ನೂರೋ. ಮೀನಿನ ಮರಿಗಳು.

ಎಂಟೂವರೆಗೆ ಗಂಗಾಭವಾನಿ ಆಟೋದಿಂದಿಳಿದು ಬ್ಯಾಗಿನ ಸಮೇತ ಹಿತ್ತಲಿಗೇ ಬಂದರು. ಮೂರ್ತಿ ಕೈಕಟ್ಟಿ ನಿಂತು, ಸತ್ತದ್ದನ್ನೇ ಮೊದಲು ಹೇಳಿದ.

"ಒಂದು ಹೋಯ್ತು, ಮೇಡಂ. ತಪ್ಪು ನಂದೇ. ಒಂದು ಭಾನುವಾರವೂ ತೆಗೀಲಿಲ್ಲ."

ಅವನು ಎತ್ತಿ ಬಾಳೆಯೆಲೆಯ ಮೇಲಿಟ್ಟಿದ್ದ ಸತ್ತ ಮೀನನ್ನು ಅವರು ಬಗ್ಗಿ ನೋಡಿದರು. ಆಮೇಲೆ ಅವನು ಬೇರುಗಳನ್ನು ತೋರಿಸಿದ. ಕನ್ನಡಕ ಸರಿಮಾಡಿಕೊಂಡು ಬಗ್ಗಿದವರು ಹಾಗೆಯೇ ಮೆಟ್ಟಿಲ ಮೇಲೆ ಕುಳಿತರು.

"ಹನ್ನೊಂದು ವರ್ಷ" ಎಂದರು. "ಒಂದು ಮರೀನೂ ಕಂಡಿಲ್ಲ. ಇವು ಗೊಡ್ಡು ಅಂದ್ಕೊಂಡಿದ್ದೆ. ಪ್ರತಿ ಭಾನುವಾರ ನಾನೇ ಅರ್ಧ ತೆಗೆದು, ಒಂದು ಗಂಟೆ ಕಾದು, ನಡೆಯೋ ಹುಳಗಳೆಲ್ಲ ನೀರಿಗೆ ನಡೆದುಹೋದ್ವು ಅಂತ ಗುಂಡಿಗೆ ಹಾಕಿದೆ." ಅವರು ದಡದ ರಾಶಿಯತ್ತ ನೋಡಿದರು. "ಮೊಟ್ಟೆಗೆ ಕಾಲಿಲ್ಲ, ಮೂರ್ತಿಗಾರು."

ಮೂರ್ತಿಯ ತಪ್ಪು ಒಂದನ್ನು ಕೊಂದಿತ್ತು, ಇನ್ನೂರನ್ನು ಉಳಿಸಿತ್ತು. ಅದನ್ನು ಹೇಳಿ ಹಗುರಾಗುವ ಹೊತ್ತು ಇದಲ್ಲ ಎನ್ನುವಷ್ಟು ಬುದ್ಧಿ ಅವನಿಗಿತ್ತು.

ಗಂಗಾಭವಾನಿ ಮಹಡಿಗೆ ಹೋಗಲಿಲ್ಲ, ಮುಖವನ್ನೂ ತೊಳೆಯಲಿಲ್ಲ. ಸೆರಗು ಸಿಕ್ಕಿಸಿ, ದಡದ ರಾಶಿಯಿಂದ ಒಂದು ಗಿಡ ಎತ್ತಿ, ಬೇರನ್ನು ಬಿಸಿಲಿಗೆ ಹಿಡಿದು, ಎಳೆಯೆಳೆಯಾಗಿ ಬಿಡಿಸಿ ನೋಡತೊಡಗಿದರು. ಮೂರ್ತಿ, ಅನುಸೂಯಾ ಎದುರಿಗೆ ಕುಳಿತು ಒಂದೊಂದು ಎತ್ತಿಕೊಂಡರು. ಮುಕ್ಕಾಲು ರಾಶಿ ಮುಗಿಯಿತು.

ಆಗ ಗಂಗಾಭವಾನಿಯವರ ಕೈ ನಿಂತಿತು. ಬೇರಿನ ಎಳೆಗೆ ಅಂಟಿದ, ಸಾಸಿವೆ ಗಾತ್ರದ ತಿಳಿ ಮಣಿಯೊಳಗೆ ಎರಡು ಕಪ್ಪು ಚುಕ್ಕೆಗಳು ಅಲುಗುತ್ತಿದ್ದವು. ಗಂಗಾಭವಾನಿ ಆ ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ಕೊಳದವರೆಗೆ ಮೊಣಕಾಲಿನಲ್ಲೇ ನಡೆದು ನೀರಿಗಿಳಿಸಿದರು.