ಹಳೇ ಕಂಪ್ಯೂಟರು ಒಪ್ಪಿಸಿದ ದಿನ

ಹೊಸ ಕಂಪ್ಯೂಟರಿಗೆ ನಲವತ್ತಾರು ಸಾವಿರ. ಕರೆಂಟು ಹೋದರೆ ಅರ್ಧ ಗಂಟೆ ತಡೆಯುವ ಬ್ಯಾಟರಿ ಪೆಟ್ಟಿಗೆಗೆ ನಾಲ್ಕು. ಮೂರು ವರ್ಷದ ಗ್ಯಾರಂಟಿ ಬೇಕೆಂದರೆ ಇನ್ನೆರಡು. ಹಳೆಯದನ್ನು ಕೊಟ್ಟರೆ ಮೂರು ಸಾವಿರ ಕಡಿತ. ಅದನ್ನು ನಾನು ಚೌಕಾಸಿ ಮಾಡಿ ಮೂರೂವರೆಗೆ ಏರಿಸಿದೆ. ಅಂಗಡಿಯಿಂದ ಹೊರಬರುವಾಗ ನನಗೆ ನಾನೇ ಶಹಭಾಸ್ ಹೇಳಿಕೊಂಡೆ.

ಮನೆಗೆಲ್ಲ ಕಂಪ್ಯೂಟರು ಒಂದೇ. ಮಗಳಿಗೆ ಕಾಲೇಜಿನ ಪಾಠ, ಬಸ್ಸು ಓಡಿಸುವ ನನಗೆ ರಜಾ ದಿನ ಹಳೇ ಸಿನಿಮಾ. ಆದರೆ ಅದರಿಂದ ಅನ್ನ ಹುಟ್ಟುತ್ತಿದ್ದದ್ದು ಹೆಂಡತಿಗೆ. ಅವಳದು ಮಷೀನು ಕಸೂತಿ. ಶಾಲೆ, ಆಸ್ಪತ್ರೆ, ಕಾರ್ಖಾನೆಗಳ ಸಮವಸ್ತ್ರಕ್ಕೆ ಲಾಂಛನ ಹೊಲಿದುಕೊಡುತ್ತಾಳೆ. ಪ್ರತಿಯೊಂದನ್ನೂ ಮೊದಲು ಕಂಪ್ಯೂಟರಿನಲ್ಲಿ ಹೊಲಿಗೆ ಹೊಲಿಗೆಯಾಗಿ ಬರೆಯಬೇಕು. ಒಂದಕ್ಕೆ ಎರಡು ದಿನ ಹಿಡಿಯುವುದೂ ಉಂಟು. ಹಾಗೆ ಒಂಬತ್ತು ವರ್ಷದಲ್ಲಿ ಇನ್ನೂರ ಹದಿನಾಲ್ಕು ಮಾಡಿಟ್ಟಿದ್ದಳು. ಹಳೇ ಕಂಪ್ಯೂಟರು ಇತ್ತೀಚೆಗೆ ಕೆಲಸದ ನಡುವೆ ಮುನಿಸಿಕೊಂಡು ನಿಂತುಬಿಡುತ್ತಿತ್ತು.

"ಬಣ್ಣ ಯಾವ್ದಾದ್ರೂ ಇರ್ಲಿ ರೀ, ನಡುನೀರಲ್ಲಿ ಕೈಬಿಡದೇ ಇರೋದು ಬೇಕು."

"ಅಂಥ ಗಂಡನೇ ಸಿಕ್ಕಿದಾನಲ್ಲ," ಎಂದೆ.

"ಅದಕ್ಕೇ, ಕಂಪ್ಯೂಟರಾದ್ರೂ ಒಳ್ಳೇದು ಸಿಗ್ಲಿ ಅಂತ."

ಅಂಗಡಿಯಲ್ಲಿ ಮಗಳು ಪರದೆ ನೋಡಿದಳು, ನಾನು ಬೆಲೆ ನೋಡಿದೆ. ಹೆಂಡತಿ ಮಾತ್ರ ಕೇಳಬೇಕಾದ್ದನ್ನು ಕೇಳಿದಳು. ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ, ಬಿಡಿಭಾಗ ಇದೇ ಊರಲ್ಲಿ ಸಿಗುತ್ತದೆಯೇ? ಫಳಫಳ ಹೊಳೆಯುವ ಮೂರನ್ನು ಬಿಟ್ಟು, ಮೂಲೆಯಲ್ಲಿದ್ದ ಕಪ್ಪು ಪೆಟ್ಟಿಗೆಯನ್ನು ಆರಿಸಿದಳು. ಈಗಲೂ ಹೇಳುತ್ತೇನೆ, ಆಯ್ಕೆಯಲ್ಲಿ ತಪ್ಪಿರಲಿಲ್ಲ.

ತಪ್ಪು ನನ್ನದು. ಮರುದಿನ ಬೆಳಿಗ್ಗೆ ಅಂಗಡಿಯವರು ಹೊಸದನ್ನು ತಂದಿಟ್ಟು ಹಳೆಯದನ್ನು ಒಯ್ಯಲು ಬರುವವರಿದ್ದರು. ಹೆಂಡತಿ ದಾರ ತರಲು ಹೋಗಿದ್ದಳು. ನಮ್ಮ ಡಿಪೋದಲ್ಲಿ ಒಂದು ಶಿಸ್ತಿದೆ. ಗಾಡಿ ಒಪ್ಪಿಸುವ ಮುನ್ನ ಡ್ರೈವರು ತನ್ನ ಕ್ಯಾಬಿನ್ ಬರಿದು ಮಾಡಬೇಕು, ಒಂದು ಚೀಟಿಯೂ ಉಳಿಯಕೂಡದು. ಇಪ್ಪತ್ತೆರಡು ವರ್ಷದ ರೂಢಿ. ಕಂಪ್ಯೂಟರನ್ನೂ ಹಾಗೇ ಬರಿದು ಮಾಡಿ ಕೊಡೋಣ ಎಂದು ಮಗಳನ್ನು ಕೂರಿಸಿದೆ.

"ಫೋಟೋ ಎಲ್ಲಾ ತೆಗೆದಿಟ್ಕೊಂಡೆ ಅಪ್ಪ. ಅಮ್ಮನ ಡಿಸೈನು?"

"ಅದು ಹೊಲಿಯೋ ಮಷೀನಲ್ಲೇ ಇರುತ್ತಲ್ಲೇ. ದಿನಾ ನೋಡ್ತೀನಿ, ಗುಂಡಿ ಒತ್ತಿದ್ರೆ ಅದೇ ಹೊಲಿಯುತ್ತೆ."

"ಅಮ್ಮಂಗೆ ಒಂದ್ಸಲ ಫೋನ್ ಮಾಡ್ಲಾ?"

"ಇಷ್ಟಕ್ಕೆಲ್ಲ ಯಾಕೆ? ಒಂದು ಚೂರೂ ಬಿಡದೆ ಅಳಿಸು."

ಅಳಿಸಿದಳು. ಒಯ್ಯಲು ಬಂದವರಿಗೆ ಒಳಗಿನ ಡಿಸ್ಕನ್ನೂ ಪುಡಿ ಮಾಡಿಸಿಬಿಡಿ ಎಂದು ಹೇಳಿ ಕಳಿಸಿದೆ. ಬುದ್ಧಿವಂತ ನೋಡಿ.

ಸಂಜೆ ಹೆಂಡತಿ ಹೊಸ ಕಂಪ್ಯೂಟರಿನ ಮುಂದೆ ಕೂತು ಬಹಳ ಹೊತ್ತು ಹುಡುಕಿದಳು.

"ಎಲ್ಲಿ ಹಾಕಿದೀರಿ ರೀ?"

"ಏನನ್ನ?"

"ನನ್ನ ಕೆಲ್ಸಾನ."

ಮಷೀನಿನ ಹೊಟ್ಟೆಯಲ್ಲಿ ಕೊನೆಗೆ ಹೊಲಿದದ್ದು ಒಂದೇ ಉಳಿಯುತ್ತದೆ, ಮಿಕ್ಕದ್ದೆಲ್ಲ ಕಂಪ್ಯೂಟರಿನಿಂದಲೇ ಬರಬೇಕು ಎಂದು ನನಗೆ ತಿಳಿದದ್ದು ಆಗ. ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಅಂಗಡಿಗೆ ಓಡಿದೆ.

"ಮಧ್ಯಾಹ್ನಾನೇ ಪುಡಿ ಮಾಡಿಸಿದ್ವಿ ಅಣ್ಣಾ. ನೀವೇ ತಾನೆ ಹೇಳಿ ಕಳಿಸಿದ್ದು?" ಎಂದ ಅಂಗಡಿಯವನು ನನಗೊಂದು ಕುರ್ಚಿ ಎಳೆದು ಹಾಕಿದ. ಅವನೂ ಇನ್ನೇನು ಮಾಡಿಯಾನು?

ಮನೆಯಲ್ಲಿ ಮಗಳು ಅಳುತ್ತಿದ್ದಳು. ಹೆಂಡತಿ ಅವಳ ತಲೆ ಸವರಿ, "ನಿಂದೇನೂ ತಪ್ಪಿಲ್ಲ, ಏಳು," ಎಂದಳು. ನನ್ನ ಕಡೆ ತಿರುಗಲಿಲ್ಲ. ನಾಲ್ಕು ಮಾತು ಬೈದಿದ್ದರೆ ನಿಂತುಕೊಳ್ಳಲು ನನಗೊಂದು ಜಾಗ ಸಿಗುತ್ತಿತ್ತು. ಅವಳು ಆಸ್ಪತ್ರೆಯ ಹಳೇ ಅಂಗಿಯೊಂದನ್ನು ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಮತ್ತೆ ಮೊದಲಿನಿಂದ ಬರೆಯಲೆಂದು ಲಾಂಛನದ ಹೊಲಿಗೆಗಳನ್ನು ಎಣಿಸತೊಡಗಿದಳು.

"ನಾನೇನಾದ್ರೂ ಮಾಡ್ಲಾ?"

"ಬೆಳಕಿಗೆ ಅಡ್ಡ ನಿಲ್ಬೇಡಿ."

ಪಕ್ಕಕ್ಕೆ ಸರಿದೆ. ನನ್ನಿಂದ ಆದದ್ದು ಅಷ್ಟೇ.

ಆರು ತಿಂಗಳಾಯಿತು. ಹೊಸ ಕಂಪ್ಯೂಟರು ಒಮ್ಮೆಯೂ ಕೈಕೊಟ್ಟಿಲ್ಲ. ಮಷೀನಿನಲ್ಲಿ ಉಳಿದಿದ್ದ ಒಂದನ್ನೂ ಸೇರಿಸಿ ಮೂವತ್ತೆರಡು ಲಾಂಛನಗಳು ಮತ್ತೆ ಅವಳ ಕೈಸೇರಿವೆ. ನೂರ ಎಂಬತ್ತೆರಡು ಹೋದವು. ಆಸ್ಪತ್ರೆಯವರೂ ಎರಡು ಶಾಲೆಯವರೂ ಕಾಯಲಾಗದೆ ಬೇರೆ ಕಡೆ ಹೋದರು, ಮರಳಿ ಬರಲಿಲ್ಲ.