ದೇವರ ಪ್ರವೇಶ

"ಇದರಲ್ಲಿ ದೇವರು ಬರುವುದು ಎಲ್ಲಿ ಉಂಟು?"

ಆಮಂತ್ರಣ ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ವಸುಮತಿಯಮ್ಮ ಕೇಳಿದರು. ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಪತ್ರಿಕೆಯಲ್ಲಿ ಗಂಡ ಹರಿನಾರಾಯಣರ ರಾಣಿವೇಷದ ಫೋಟೋ. ಯಕ್ಷಗಾನದಲ್ಲಿ ಹೆಣ್ಣುವೇಷ ಹಾಕಿ ಊರೂರಲ್ಲಿ ಹೆಸರಾದವರು. ಅವರು ತೀರಿಹೋಗಿ ವರ್ಷವಾಗುತ್ತದೆಂದು ಈ ಭಾನುವಾರ ಬೋವಿಕಾನದಲ್ಲಿ ಸಂಸ್ಮರಣೆ. ದೀಪ, ನುಡಿನಮನ, ಸನ್ಮಾನ, ಕೊನೆಗೆ 'ರಾಣಿಯ ಪ್ರಲಾಪ'. ಅದರ ಕೆಳಗೆ ಪ್ರೆಸ್ಸಿನ ಹೆಸರು, ಅಷ್ಟೇ.

ಹಾವು ಕಚ್ಚಿ ಸತ್ತ ಮಗನನ್ನು ರಾಣಿ ಸುಡುಗಾಡಿಗೆ ಹೊತ್ತು ತಂದು ಅಳುವ ಪ್ರಸಂಗ. ಅತ್ತು ಅತ್ತು ಸೋತ ಮೇಲೆ ದೇವರು ಪ್ರತ್ಯಕ್ಷನಾಗಿ ಮಗನನ್ನು ಎಬ್ಬಿಸಬೇಕು. ಈ ಸಲ ಮಗನ ವೇಷ ಮೊಮ್ಮಗಳು ಶ್ರೀರಂಜಿನಿಯದು.

ರಾಣಿಯ ವೇಷ ಶಿಷ್ಯ ಶಶಾಂಕನದು. ಊರ ಶಾಲೆಯಲ್ಲಿ ಮೇಷ್ಟ್ರು, ಮಕ್ಕಳ ಬಾಯಲ್ಲಿ 'ಮಾಷ್'. ಸಂಜೆ ಶಾಲೆ ಬಿಟ್ಟು ಅಭ್ಯಾಸ ಮಾಡಿಸಲು ಅವನು ಅಂಗಳಕ್ಕೆ ಬಂದಾಗ ವಸುಮತಿಯಮ್ಮ ಪತ್ರಿಕೆ ಮುಂದೆ ಹಿಡಿದರು.

"ದೇವರ ಪ್ರವೇಶ ಯಾಕೆ ಬಿಟ್ಟದ್ದು?"

"ಟೈಮಿಲ್ಲ ಅಮ್ಮ. ಸನ್ಮಾನವೇ ಏಳು ಮಂದಿಗೆ ಉಂಟು."

"ಒಂದು ಸನ್ಮಾನ ಕಮ್ಮಿ ಮಾಡಿದರೆ ದೇವರು ಬಂದು ಹೋಗಬಹುದಲ್ಲ."

"ದೇವರು ಬೇಸರ ಮಾಡುವುದಿಲ್ಲ ಅಮ್ಮ. ಶಾಲು ತಪ್ಪಿದವರು ಬಿಡ್ತಾರಾ?"

ಅವರು ನಗಲಿಲ್ಲ. "ಮಗು ಸತ್ತು ಮಲಗಿದ ಹಾಗೆಯೇ ಆಟ ಮುಗಿಸಬೇಡ ಶಶಾಂಕ."

"ಜನರ ಕಣ್ಣಲ್ಲಿ ನೀರಿರುವಾಗಲೇ ಮುಗಿಸಬೇಕು ಅಮ್ಮ, ಆಗಲೇ ನೆನಪು ಉಳಿಯುವುದು. ಗುರುಗಳೂ ಮೊಗ್ರಾಲಿನಲ್ಲಿ ಒಮ್ಮೆ ಹಾಗೇ ಮುಗಿಸಿದ್ದಾರಂತೆ. ಅಂಥ ಪ್ರಲಾಪ ಮತ್ತೆ ಕೇಳಲಿಲ್ಲ ಅಂತ ಈಗಲೂ ಹೇಳ್ತಾರೆ."

ವಸುಮತಿಯಮ್ಮ ಜಗಲಿಯ ಕಂಬಕ್ಕೆ ಒರಗಿ ಕುಳಿತರು.

ಅವರ ಅಪ್ಪ ಮನೆಯಲ್ಲಿ ಪುರಾಣ ಓದುತ್ತಿದ್ದರು. ಸಾವಿನ ಪದ್ಯದಲ್ಲಿ ಒಮ್ಮೆಯೂ ಪುಸ್ತಕ ಮುಚ್ಚಿದವರಲ್ಲ. ಎಷ್ಟು ಹೊತ್ತಾದರೂ ಮುಂದಿನ ಶುಭದ ಪದ್ಯ ಮುಟ್ಟಿಯೇ ಏಳುತ್ತಿದ್ದರು. ಅದನ್ನು ಕೇಳುತ್ತಲೇ ಬೆಳೆದ ವಸುಮತಿ ಮೇಳದ ಕಲಾವಿದನನ್ನು ಮದುವೆಯಾದರು. ಮದುವೆಯ ಸೀರೆಯನ್ನು ಅವರಿಗಿಂತ ಹೆಚ್ಚು ಗಂಡನೇ ಉಟ್ಟದ್ದು. ಆರು ತಿಂಗಳು ತಿರುಗಾಟ, ಮಳೆಗಾಲದಲ್ಲಿ ಆಟವಿಲ್ಲ. ವಸುಮತಿ ಬೀಡಿ ಕಟ್ಟಿದರು, ಗಂಜಿ ಬೇಯಿಸಿದರು, ಹೆತ್ತರು.

ಮೊದಲನೆಯವನು ಯೋಗೀಶ. ಅವನಿಗೆ ಜ್ವರ ಏರಿದ ದಿನವೇ ಮೊಗ್ರಾಲಿನ ಆಟ. ಅಲ್ಲಿ ಬೆಳಕು ಹರಿಯಿತೆಂದು ಆಟ ನಡೆಸುವ ಭಾಗವತರು ದೇವರ ಪ್ರವೇಶ ಬಿಟ್ಟರು. ಮೊದಲ ಬಸ್ಸಿಗೆ ಹರಿನಾರಾಯಣರು ಮನೆಗೆ ಬಂದಾಗ ಕಿವಿಯ ಹಿಂದೆ ಬಣ್ಣ ಇನ್ನೂ ಹೋಗಿರಲಿಲ್ಲ. ಮಗು ಚಾಪೆಯ ಮೇಲೆ ತಣ್ಣಗಾಗಿತ್ತು. ಅವರು ಅಳಲಿಲ್ಲ. "ಅಲ್ಲಿ ಅವನನ್ನು ಎಬ್ಬಿಸದೆ ಬಂದೆ ವಸೂ," ಎಂದರು.

ಆಮೇಲೆ ಯಾವ ಊರಿನಲ್ಲಿ ಏನು ಬಿಟ್ಟರೂ, ಮಲಗಿದ ಮಗುವನ್ನು ಕೈ ಹಿಡಿದು ಎಬ್ಬಿಸದೆ ಅವರು ರಂಗಸ್ಥಳದಿಂದ ಇಳಿಯಲಿಲ್ಲ. ಶಿಷ್ಯರು ಅದನ್ನು ಗುರುಗಳ ಶೈಲಿ ಎಂದುಕೊಂಡರು. ವಸುಮತಿಯೂ ಯಾರಿಗೂ ಹೇಳಲಿಲ್ಲ. ಎರಡನೆಯವಳು ರಂಜನಿ ಹುಟ್ಟಿದ ಮೇಲಂತೂ ಆಟದ ಮರುದಿನ ಗಂಡ ಬಂದಾಗ ವಸುಮತಿ ಬಾಗಿಲಲ್ಲೇ ಕೇಳುತ್ತಿದ್ದರು, "ಎಬ್ಬಿಸಿದಿರಾ?" ಹೂಂ ಅಂದರೆ ಮಾತ್ರ ಕಾಲಿಗೆ ನೀರು ಕೊಡುತ್ತಿದ್ದರು.

ಈಗ ರಂಜನಿ ದಿನಾ ಇಲ್ಲೇ ಹತ್ತಿರದ ಅನಂತಪುರದ ಫ್ಯಾಕ್ಟರಿಗೆ ಹೋಗುತ್ತಾಳೆ. ಸಂಜೆಯವರೆಗೆ ಅವಳ ಮಗಳು ಅಜ್ಜಿಯ ವಶ.

ಅಂಗಳದಲ್ಲಿ ಶ್ರೀರಂಜಿನಿ ಚಾಪೆಯ ಮೇಲೆ ಕೈಕಾಲು ಸಡಿಲ ಬಿಟ್ಟು ಮಲಗಿದ್ದಳು. ಶಶಾಂಕ ಅವಳ ತಲೆಯನ್ನು ತೊಡೆಗಿಟ್ಟು ಅತ್ತ. ಗುರುವಿನದೇ ಸ್ವರ. ವಸುಮತಿಯಮ್ಮ ಮಗುವಿನ ಎದೆಯನ್ನೇ ನೋಡುತ್ತಿದ್ದರು, ಏರಿಳಿಯುತ್ತಿದೆಯೇ ಎಂದು. ಅವಳಿಗೆ ನಿನ್ನೆಯಿಂದ ಶೀತ, ಬೆಳಿಗ್ಗೆ ಹಣೆ ಸ್ವಲ್ಪ ಬಿಸಿಯಿತ್ತು.

ಅಷ್ಟರಲ್ಲಿ ಶಶಾಂಕನ ಫೋನ್ ರಿಂಗಾಯಿತು. "ಪುಟ್ಟೀ, ಹಾಗೇ ಇರು. ಎಂತ ಆದರೂ ಅಲ್ಲಾಡಬಾರದು," ಎಂದು ತಲೆಯನ್ನು ಮೆಲ್ಲಗೆ ಚಾಪೆಗಿಟ್ಟು, ಮಾತಾಡುತ್ತ ಗೇಟು ದಾಟಿ ರಸ್ತೆಗೆ ಹೋದ.

ವಸುಮತಿಯಮ್ಮ ಇಳಿದು ಬಂದು ಚಾಪೆಯ ಬದಿಗೆ ಮಂಡಿಯೂರಿದರು. ಹಣೆ ಮುಟ್ಟಿದರು. ತನ್ನ ಕೈಯೇ ತಣ್ಣಗಿದೆಯೋ, ಮಗುವಿನ ಹಣೆಯೇ ಬಿಸಿಯೋ, ಗೊತ್ತಾಗಲಿಲ್ಲ.

"ಏಳು ಮಗಾ."

ರೆಪ್ಪೆ ಮಾತ್ರ ಅದುರಿತು.

"ಒಂದು ಸಲ ಎದ್ದು ಕೂತುಕೋ. ಮತ್ತೆ ಬೇಕಾದರೆ ಮಲಗು." ಕೈ ಹಿಡಿದು ಎಳೆದರು. ಕೈ ಜೋತು ಚಾಪೆಗೆ ಬಿತ್ತು. ಎಷ್ಟು ಚೆನ್ನಾಗಿ ಕಲಿತಿದ್ದಾಳೆ.

"ಅಜ್ಜಿ ಹೇಳುವುದು ಕೇಳು ಚಿನ್ನ. ಏಳು."

"ಮಾಷ್ ಬೈತಾರೆ," ಮಗು ತುಟಿಯನ್ನಷ್ಟೇ ಅಲ್ಲಾಡಿಸಿತು. ಕಣ್ಣು ತೆರೆಯಲಿಲ್ಲ. "ನಾನು ಏಳುವುದಿಲ್ಲ."