ಹಿಟ್ಟು, ಗಾಜು, ಅಂಬಲಿ

ಕೆಂಪು ಕಾರು ಮಂಜುಗಡ್ಡೆಯ ಮೇಲೆ ಜಾರಿ ಜಾರಿ, ನಿಲ್ಲಬೇಕಾದ ಗೆರೆಯನ್ನೂ ದಾಟಿ ಹತ್ತು ಮಾರು ಮುಂದೆ ಹೋಗಿ ನಿಂತಾಗ ಚನ್ನಕೇಶವನ ಟೈರು ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೇ "ಹೋ" ಎಂದರು. ಅಂಬರೀಶ್ ಫೋನನ್ನು ಇನ್ನಷ್ಟು ಎತ್ತಿ ಹಿಡಿದ. ಯಾವುದೋ ದೂರದ ದೇಶದ ವಿಡಿಯೋ ಅದು. ಒಂದೇ ಕಾರಿಗೆ ಒಮ್ಮೆ ಮಾಮೂಲಿ ಟೈರು, ಇನ್ನೊಮ್ಮೆ ಚಳಿಗಾಲದ ಟೈರು ಹಾಕಿ, ಹಿಮದ ಮೇಲೆ, ಮಂಜುಗಡ್ಡೆಯ ಮೇಲೆ, ಕರಗಿ ಕೆಸರಾದ ಹಿಮದ ಮೇಲೆ ಓಡಿಸಿ ಬ್ರೇಕು ಒತ್ತುತ್ತಿದ್ದರು. ಎಷ್ಟು ದೂರಕ್ಕೆ ನಿಂತಿತೆಂದು ಉದ್ದ ಕೋಟಿನವನೊಬ್ಬ ಟೇಪು ಹಿಡಿದು ಅಳೆಯುತ್ತಿದ್ದ.

"ಪಾಪ, ಟೇಪ್ ಹಿಡ್ಕೊಂಡು ಒದ್ದಾಡ್ತಾ ಅವ್ನೆ," ಎಂದ ಚನ್ನಕೇಶವ, ಲಾರಿಯ ಹಿಂದಿನ ಚಕ್ರದ ನಟ್ಟು ಬಿಗಿಮಾಡುತ್ತ. "ನಮ್ಮ ಗಂಗರಾಜಣ್ಣನ್ನ ಕೇಳಿದ್ರೆ ಕೂತ ಜಾಗದಲ್ಲೇ ಹೇಳ್ತಿದ್ದ."

ಗಂಗರಾಜು ಹಳೇ ಟೈರುಗಳ ಅಟ್ಟಿಯ ಮೇಲೆ ಕುಳಿತಿದ್ದ. ಮೂರು ವರ್ಷದ ಹಿಂದೆ ಇಂಥದೇ ಜನವರಿಯಲ್ಲಿ ಅವನು ದೆಹಲಿಗೆ ಟೊಮೆಟೊ ಇಳಿಸಿ, ಸೇಬು ತುಂಬಲು ಕಾಶ್ಮೀರಕ್ಕೆ ಹೋಗಿ, ಹಿಮದಲ್ಲಿ ಲಾರಿ ಓಡಿಸಿಕೊಂಡು ಬಂದಿದ್ದ. ಚಿಂತಾಮಣಿಯ ಲಾರಿ ಸ್ಟ್ಯಾಂಡಿನಲ್ಲಿ ಅಂಥವನು ಅವನೊಬ್ಬನೇ. ಅಂದಿನಿಂದ ಅವನು ಕಾಶ್ಮೀರದ ಗಂಗರಾಜು. ಕೇಳದಿದ್ದರೂ ಟೀ ಬರುತ್ತಿತ್ತು, ಬೆಂಚಿನಲ್ಲಿ ಜಾಗ ಸಿಗುತ್ತಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುತ್ತಾರೆ. ಗಂಗರಾಜು ಆ ಒಂದು ಹಿಮಗಾಲದ ಮೇಲೆ ಮೂರು ವರ್ಷ ಬದುಕಿದ್ದ.

"ಹೇಳು ಬಾವ, ಇನ್ನೊಂದ್ಸಲ ಹೇಳು," ಎಂದ ಅಂಬರೀಶ್. ಅವನು ಗಂಗರಾಜುವಿನ ಹೆಂಡತಿ ತನುಜಳ ತಮ್ಮ. ನಾಳೆ ಬೆಳಗ್ಗೆ ಇದೇ ಲಾರಿಯಲ್ಲಿ, ಅದೇ ದಾರಿಯಲ್ಲಿ, ಮೊದಲ ಸಲ ಹೊರಡುವವನು.

"ಎಷ್ಟು ಸಲ ಹೇಳದಪ್ಪ," ಎಂದು ಗಂಗರಾಜು ಗೊಣಗಿದ.

ಅವನು ಹೇಳಬೇಕಾಗಿಯೇ ಇರಲಿಲ್ಲ. ಚನ್ನಕೇಶವ ಸ್ಪ್ಯಾನರು ಕೆಳಗಿಟ್ಟು, ಗಂಗರಾಜುವಿನ ಹಾಗೆಯೇ ಎದೆಯುಬ್ಬಿಸಿ, ಮೀಸೆ ನೀವಿಕೊಂಡು ಶುರುಮಾಡಿದ. "ಹಿಮ ಅಂದ್ರೆ ಹಿಟ್ಟು ಕಣ್ರೋ, ಟೈರು ತುಳಿದ್ರೆ ಕಚ್ಕೊಳ್ಳುತ್ತೆ. ಐಸು ಅಂದ್ರೆ ಗಾಜು, ಅದರ ಮೇಲೆ ಮೆಲ್ಲಗೆ ಹೋಗ್ಬೇಕು. ಕರಗಿದ್ದು ಅಂಬಲಿ, ಸೀಳ್ಕೊಂಡು ಹೋಗ್ಬೇಕು. ಮೂರಕ್ಕೂ ಒಂದೇ ಮದ್ದು, ಗಾಳಿ ಇಳಿಸೋದು. ಚೈನು ಗೀನು ಎಲ್ಲ ಪುಕ್ಕಲು ನನ್ಮಕ್ಕಳಿಗೆ!"

ಎಲ್ಲರೂ ನಕ್ಕರು. ಗಾಳಿ ತುಂಬುವ ಪೈಪನ್ನು ಸುತ್ತಿಡುತ್ತಿದ್ದ ಕ್ಲೀನರ್ ಆವಲಪ್ಪನೂ ನಕ್ಕ. ಐವತ್ತರ ಹತ್ತಿರದ ಮಿತಭಾಷಿ ಮನುಷ್ಯ. ನಾಳೆಯಿಂದ ಅಂಬರೀಶನ ಪಕ್ಕದ ಸೀಟಿನಲ್ಲಿ ಕೂರುವವನು. ಗಂಗರಾಜುವಿಗೆ ಅವನ ನಗುವನ್ನು ನೋಡಲಾಗಲಿಲ್ಲ.

ಗಾಳಿ ಇಳಿಸುವ ವಿದ್ಯೆ ಗಂಗರಾಜುವಿಗೆ ಬಂದದ್ದು ಕಾಶ್ಮೀರದಲ್ಲಲ್ಲ, ಊರ ಕೆರೆಯಂಗಳದಲ್ಲಿ. ಬೇಸಿಗೆಯಲ್ಲಿ ಕೆರೆಯ ಹೂಳು, ಅದೇ ಗೋಡು, ಹೊಡೆಯುವಾಗ ಚಕ್ರ ಹೂತರೆ ಇಲ್ಲಿಯ ಯಾವ ಡ್ರೈವರೂ ಮಾಡುವುದು ಅದನ್ನೇ: ಟೈರಿನ ಗಾಳಿ ಅರ್ಧ ಬಿಟ್ಟು, ಅದು ರೊಟ್ಟಿಯ ಹಾಗೆ ಅಗಲವಾದ ಮೇಲೆ, ಗಾಡಿಯನ್ನು ಎಲ್ಲೂ ನಿಲ್ಲಿಸದೆ ಒಂದೇ ದಮ್ಮಿಗೆ ಏರಿ ಹತ್ತಿಸುವುದು. ಅಲ್ಲಿ ಹಿಮದ ಮುಂದೆ ಲಾರಿಗಳು ಸಾಲಾಗಿ ನಿಂತು, ಪಂಜಾಬಿನವರು ಜಾರದಂತೆ ಚಕ್ರಗಳಿಗೆ ಕಬ್ಬಿಣದ ಚೈನು ಸುತ್ತುತ್ತಿದ್ದಾಗ, ಇವನು ಗಾಳಿ ಇಳಿಸಿದ. ಹೊಸ ಹಿಮದ ಮೇಲೆ ಲಾರಿ ಹೋಯಿತು. ನಾಲ್ಕು ಮೈಲಿ, ನಿಂತವರನ್ನೆಲ್ಲ ಹಿಂದೆ ಹಾಕಿ. ಅಷ್ಟು ನಿಜ. ಮೂರು ವರ್ಷದಿಂದ ಅವನು ಹೇಳುತ್ತಿದ್ದುದು ಆ ನಾಲ್ಕು ಮೈಲಿಯ ಕಥೆ.

ಐದನೆಯ ಮೈಲಿಯಲ್ಲಿ ಒಂದು ಇಳಿಜಾರು, ಎಡಕ್ಕೆ ಕಮರಿ. ರಸ್ತೆಯ ಮೇಲೆ ಕಂಡದ್ದು ಅಂಬಲಿ, ಅದರ ಅಡಿಯಲ್ಲಿದ್ದದ್ದು ಗಾಜು. ಗೋಡಿನ ಅಡಿಯಲ್ಲಿ ಯಾವತ್ತೂ ಗಟ್ಟಿ ನೆಲ ಇರುತ್ತದೆ, ನಂಬಿ ಚಕ್ರ ಬಿಡಬಹುದು; ಇಲ್ಲಿಯೂ ಹಾಗೇ ಅಂದುಕೊಂಡು ಅವನು ನುಗ್ಗಿಸಿದ. ಲಾರಿ ಸ್ಟೀರಿಂಗಿನ ಮಾತು ಕೇಳುವುದನ್ನು ಬಿಟ್ಟಿತು. ಬ್ರೇಕು ಒತ್ತಿದರೆ ಇನ್ನೂ ಜೋರಾಯಿತು. ಸದ್ದಿಲ್ಲದೆ, ಅಡ್ಡಡ್ಡಲಾಗಿ, ಕಮರಿಯ ಕಡೆಗೆ ಸರಿಯತೊಡಗಿತು. ಪಕ್ಕದಲ್ಲಿ ಕ್ಲೀನರ್ ಕೋನಪ್ಪ ಕೂತಿದ್ದ. ಗಂಗರಾಜು ಬಲಗಡೆಯ ಬಾಗಿಲು ತೆಗೆದು ಹಾರಿಬಿಟ್ಟ.

ಅಂಚಿನ ಮೋಟು ಗೋಡೆಗೆ ಹಿಂದಿನ ಚಕ್ರ ತಗುಲಿ ಲಾರಿ ನಿಂತಿತು. ಅದರಲ್ಲಿ ಗಂಗರಾಜುವಿನ ಪಾತ್ರ ಏನೂ ಇರಲಿಲ್ಲ. ನಮ್ಮ ಕಡೆಯ ಎಷ್ಟೋ ಡ್ರೈವರುಗಳ ಹಾಗೆ ಅವನೂ ಚಪ್ಪಲಿ ಬಿಟ್ಟು ಗಾಡಿ ಓಡಿಸುವವನು, ಅನ್ನ ಕೊಡುವ ಗಾಡಿಯನ್ನು ಮೆಟ್ಟು ಹಾಕಿಕೊಂಡು ತುಳಿಯಬಾರದೆಂದು. ಬರಿಗಾಲಲ್ಲಿ ಹಿಮದ ಮೇಲೆ ಬಿದ್ದಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೋನಪ್ಪ ಡ್ರೈವರ್ ಸೀಟಿನ ಕಡೆಯಿಂದ ಮೆಲ್ಲಗೆ ಇಳಿದು ಬಂದ. ಕೈಯಲ್ಲಿ ಗಂಗರಾಜುವಿನ ಚಪ್ಪಲಿಗಳಿದ್ದವು. "ಹಾಕ್ಕಳಪ್ಪ, ಕಾಲು ಮರಗಟ್ಟುತ್ತೆ," ಎಂದ. ಬೈಯಲಿಲ್ಲ. ಮಾರನೆಯ ದಿನ ಒಬ್ಬ ಸರ್ದಾರ್ಜಿ ಕನಿಕರಪಟ್ಟು ಕೊಟ್ಟ ಚೈನು ಸುತ್ತಿಕೊಂಡು ಅವರು ಇಳಿದರು.

ಊರಿಗೆ ಬಂದ ಮೇಲೆ ಕೋನಪ್ಪ ಲಾರಿ ಬಿಟ್ಟು ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆಹುಳು ಸಾಕುತ್ತ ಉಳಿದ. ಯಾರಿಗೂ ಒಂದು ಮಾತು ಹೇಳಲಿಲ್ಲ. ಎದುರಿಗೆ ಸಿಕ್ಕಾಗ "ಊಟ ಆಯ್ತಾ?" ಎಂದು ಕೇಳುತ್ತಿದ್ದ, ಅಷ್ಟೇ. ಅವನು ನಾಲ್ಕು ಜನರೆದುರು ಕ್ಯಾಕರಿಸಿ ಉಗಿದಿದ್ದರೆ ಗಂಗರಾಜು ಎಂದೋ ಬದುಕಿಕೊಳ್ಳುತ್ತಿದ್ದ. ಗಂಗರಾಜು ಆಮೇಲೆ ಹೊಸೂರು, ಮದನಪಲ್ಲಿ ದಾಟಿ ಹೋಗಲಿಲ್ಲ. ಕೇಳಿದವರಿಗೆ ಬೆನ್ನುನೋವು ಎಂದ.

"ಬಾವ, ಚೈನ್ ವಿಷ್ಯ ಮೋಹನ್‌ಬಾಬು ಅವ್ರನ್ನ ಕೇಳ್ದೆ," ಎಂದ ಅಂಬರೀಶ್ ಫೋನು ಜೇಬಿಗಿಟ್ಟು. ಮೋಹನ್‌ಬಾಬು ಲಾರಿಯ ಮಾಲೀಕರು. "ಗಂಗರಾಜು ಬರೀ ಟೈರಲ್ಲಿ ಹೋಗ್ಬಂದವ್ನೆ, ನಿನಗೇನು ದೊಡ್ಡ ಕೊಂಬಾ ಅಂದ್ರು. ಅಂತೇ ಕದಾ, ಅಷ್ಟೇ ತಾನೆ? ಟೈರ್ ಹೊಸದು, ಸಾಕಲ್ವಾ?"

"ತಗೊಳ್ಳೋ, ಒಳ್ಳೇದು," ಎಂದ ಗಂಗರಾಜು. "ಜಮ್ಮೂನಲ್ಲೇ ಸಿಗುತ್ತೆ. ಬಾಡಿಗೆಗೂ ಕೊಡ್ತಾರೆ."

"ನೀನು ತಗೊಂಡಿರ್ಲಿಲ್ವಲ್ಲ."

"ನನ್ನ ಕಾಲ ಬೇರೆ."

"ಮೂರು ವರ್ಷಕ್ಕೆ ಕಾಲ ಬೇರೆ ಆಗ್ಬಿಡ್ತಾ?" ಎಂದು ಚನ್ನಕೇಶವ ನಡುವೆ ಬಾಯಿ ಹಾಕಿದ. "ಬಾಮೈದ ಅಂತ ಹೆದರ್ಕೊಂಡವ್ನೆ ಕಣೋ ಗಂಗರಾಜಣ್ಣ. ಮನೇಲಿ ತನುಜಕ್ಕ ಕಿವಿ ಹಿಂಡಿರ್ತಾಳೆ."

ತನುಜ ಹಿಂಡಿದ್ದು ನಿಜವೇ. ಬೆಳಗ್ಗೆ ರಾಗಿ ರೊಟ್ಟಿ ತಟ್ಟುತ್ತ, "ಅವ್ನು ಯಾರ ಮಾತೂ ಕೇಳಲ್ಲ, ನಿನ್ನ ಮಾತು ಮಾತ್ರ ಕೇಳ್ತಾನೆ, ಸರಿಯಾಗಿ ಹೇಳ್ಕೊಟ್ಟು ಕಳ್ಸು," ಎಂದಿದ್ದಳು. ಹೇಳಿಕೊಟ್ಟದ್ದನ್ನೆಲ್ಲ ಅವನು ಈಗಾಗಲೇ ಕಲಿತುಬಿಟ್ಟಿದ್ದಾನೆ ಎಂಬುದೇ ಗಂಗರಾಜುವಿನ ಸಂಕಟ. ನುಂಗಿದರೆ ಹುಡುಗನ ತಲೆಗೆ ಬರುತ್ತದೆ, ಉಗುಳಿದರೆ ತನ್ನ ಮಾನಕ್ಕೆ, ಬಾಯಲ್ಲಿ ಬಿಸಿತುಪ್ಪ. ಎದ್ದು ಹೋಗಿಬಿಡೋಣವೆಂದರೆ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಅದೇ ಲಾರಿ ನಿಂತಿತ್ತು.

"ನೋಡು ಅಂಬರೀಶ," ಎಂದ. "ಇಳಿಜಾರಲ್ಲಿ ಬ್ರೇಕ್ ಒತ್ಬೇಡ. ಮೊದಲನೇ ಗೇರಲ್ಲಿ ಇಳ್ಸು. ಕರಗಿದ್ದು ಕಂಡ್ರೆ ನಿಲ್ಸು, ಇಳ್ದು ಕೋಲಲ್ಲಿ ಕೆದಕಿ ನೋಡು, ಕೆಳಗೆ ಏನೈತೆ ಅಂತ. ಅಂಬಲಿ ಅಂತ ನಂಬ್ಬೇಡ."

"ಅದೆಲ್ಲ ಆ ವಿಡಿಯೋದವ್ನೂ ಹೇಳ್ತಾನೆ ಬಾವ." ಅಂಬರೀಶ್ ಬಂದು ಅವನೆದುರು ಕುಕ್ಕರುಗಾಲಲ್ಲಿ ಕೂತ. ಮುಖದಲ್ಲಿ ತಮಾಷೆ ಇರಲಿಲ್ಲ. "ನಂಗೆ ಒಂದೇ ಒಂದು ಹೇಳು. ಗಾಡಿ ಜಾರಕ್ಕೆ ಶುರುವಾಯ್ತು ಅಂದ್ಕೋ. ಬ್ರೇಕಿಲ್ಲ, ಸ್ಟೀರಿಂಗಿಲ್ಲ. ಆಗ ನೀನು ಏನ್ ಮಾಡ್ದೆ? ನೀನು ಮಾಡಿದ್ದನ್ನೇ ನಾನೂ ಮಾಡ್ತೀನಿ. ಬೇರೆ ಏನೂ ಯೋಚ್ನೆ ಮಾಡಲ್ಲ."

ಅಂಗಡಿಯ ಗಾಳಿ ಮಿಷನ್ನು ತುಂಬಿಕೊಂಡು ತಾನಾಗಿ ನಿಂತುಹೋಯಿತು. ಗಂಗರಾಜು ಆವಲಪ್ಪನ ಕಡೆ ನೋಡಿದ. ಆವಲಪ್ಪ ಪೈಪನ್ನು ಮೊಳೆಗೆ ನೇತುಹಾಕಿ, ತಾನೂ ಆ ಉತ್ತರ ಕೇಳಬೇಕೆನ್ನುವವನ ಹಾಗೆ ಎರಡು ಹೆಜ್ಜೆ ಹತ್ತಿರ ಬಂದು ನಿಂತಿದ್ದ.

"ಹಾರ್ಕೊಂಡೆ," ಎಂದ ಗಂಗರಾಜು.

"ಏನು?"

"ಬಾಗ್ಲು ತೆಗೆದು ಆಚೆಗೆ ಹಾರ್ಕೊಂಡೆ. ಗಾಡಿ ಕಮರಿ ಕಡೆ ಜಾರ್ತಿತ್ತು."

ಚನ್ನಕೇಶವ ನಗಲು ಬಾಯಿ ತೆರೆದವನು ಹಾಗೇ ಉಳಿದ.

"ಕೋನಪ್ಪಣ್ಣ?" ಎಂದ ಅಂಬರೀಶ್.

"ಒಳಗೇ ಇದ್ದ. ಅವನ ಬಾಗ್ಲು ಕಮರಿ ಕಡೆ. ತೆಗೆದ್ರೆ ಕೆಳಗೆ ಏನೂ ಇಲ್ಲ. ಈಚೆ ಕಡೆ ಬರೋಣ ಅಂದ್ರೆ ನಡುವೆ ಹಾಸಿಗೆ ಮೂಟೆ, ಸ್ಟವ್ವು. ಒಂದ್ಸಲಾನೂ ಕೂಗ್ಲಿಲ್ಲ, ಹಂಗೇ ಕೂತಿದ್ದ," ಎಂದ ಗಂಗರಾಜು. "ನಾನು ಅವನ ಹೆಸ್ರು ಕೂಡ ಕೂಗ್ಲಿಲ್ಲ ಕಣೋ. ಗಾಳಿ ಇಳಿಸೋದು ಹಿಟ್ಟಿನ ಮೇಲೆ ಸರಿ. ಗಾಜಿನ ಮೇಲೆ ಯಾವ ಟೈರೂ ಇಲ್ಲ, ಯಾವ ಡ್ರೈವರೂ ಇಲ್ಲ. ಇಳ್ದಿದ್ದು ಚೈನ್ ಹಾಕ್ಕೊಂಡೇ. ಅದೂ ಇನ್ನೊಬ್ಬರದು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಗಂಗರಾಜು ಅದನ್ನು ಒಂದೇ ಮಾತಿಗೆ ಕೊಟ್ಟುಬಿಟ್ಟಿದ್ದ. ಹೇಳಿದರೆ ಎದೆ ಹಗುರಾಗುತ್ತದೆ ಎಂದು ರಾತ್ರಿಗಳಲ್ಲಿ ಎಷ್ಟೋ ಸಲ ಅಂದುಕೊಂಡಿದ್ದ. ಹಗುರಾಗಲಿಲ್ಲ. ಲಾರಿ ಸ್ಟ್ಯಾಂಡಿಗೆ ನಾಳೆಯಿಂದ ಹೇಗೆ ಹೋಗುವುದು, ತನುಜಳಿಗೆ ಯಾರು ಮೊದಲು ಹೇಳುತ್ತಾರೆ ಎಂಬ ಯೋಚನೆ ಬಂತು.

ಅಂಬರೀಶ್ ಎದ್ದು ರಸ್ತೆಯ ಕಡೆ ಹೋಗಿ ಮೋಹನ್‌ಬಾಬುಗೆ ಫೋನು ಮಾಡಿದ. "ಚೈನ್ ಬೇಕು ಅಣ್ಣ… ಇಲ್ಲ, ಬೇಕೇ ಬೇಕು… ಇಲ್ಲಾಂದ್ರೆ ಬೇರೆ ಡ್ರೈವರ್ ನೋಡ್ಕೊಳಿ… ಯಾರು ಹೇಳಿದ್ರು ಅಂದ್ರೆ? ಗಂಗರಾಜು ಬಾವಾನೇ ಹೇಳಿದ್ರು." ಅಷ್ಟು ಹೇಳಿ ಇಟ್ಟ. ಗಂಗರಾಜುವಿನ ಕಡೆ ತಿರುಗಿ ನೋಡಲಿಲ್ಲ.

ಚನ್ನಕೇಶವ ಜಾಕಿ ಇಳಿಸಿದ. ಲಾರಿ ನಾಲ್ಕೂ ಕಡೆ ನೆಲಕ್ಕೆ ಕೂತಿತು. ಆವಲಪ್ಪ ಯಾರನ್ನೂ ಕೇಳದೆ ಹೋಗಿ ಎಡಗಡೆಯಿಂದ ಕ್ಯಾಬಿನ್ನು ಹತ್ತಿ ತನ್ನ ಸೀಟಿನಲ್ಲಿ ಕೂತ. ಒಂದು ಕ್ಷಣ ಮುಂದಿನ ಗಾಜಿನಾಚೆ ನೋಡಿದ. ಆಮೇಲೆ ಎಡಗಡೆ ಬಾಗಿಲೇ ಇಲ್ಲವೆಂಬಂತೆ ಮೊಣಕಾಲು ಎತ್ತಿ, ಇಂಜಿನ್ನಿನ ಮೇಲಿನ ಹಾಸು ದಾಟಿ, ಗೇರ್ ಕಡ್ಡಿಗೆ ಪಂಚೆ ಸಿಕ್ಕಿಸಿಕೊಂಡು ಬಿಡಿಸಿಕೊಂಡು, ಡ್ರೈವರ್ ಸೀಟಿಗೆ ಬಂದು, ಬಲಗಡೆಯ ಬಾಗಿಲಿನಿಂದ ಕೆಳಗಿಳಿದ. ಲಾರಿಯ ಮುಂದಿನಿಂದ ಸುತ್ತಿ ಬಂದು ಮತ್ತೆ ಎಡಗಡೆಯಿಂದ ಹತ್ತಿದ.

ಎರಡನೆಯ ಸಲ ದಾಟುವಾಗ ನಡುವೆ ಇಟ್ಟಿದ್ದ ನೀರಿನ ಕ್ಯಾನಿಗೆ ಕಾಲು ತಗುಲಿತು. ಅಂಬರೀಶ್ ಬಂದು ಆ ಕ್ಯಾನನ್ನು, ಬಟ್ಟೆಯ ಬ್ಯಾಗನ್ನು, ಮಡಿಸಿದ ಜಮಖಾನವನ್ನು ಒಂದೊಂದಾಗಿ ತೆಗೆದು ಸೀಟಿನ ಹಿಂದಕ್ಕೆ ಹಾಕಿದ. ನಡುವಿನ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದ.

"ಈಗ ಬಾ," ಎಂದ.

ಈ ಸಲ ಆವಲಪ್ಪ ಬೇಗ ದಾಟಿದ. ಆದರೆ ರಸ್ತೆಯ ಓರೆಗೆ ಬಲಗಡೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತ ಬಂದು ಅವನ ಹೆಗಲಿಗೆ ಬಡಿಯಿತು. ಗಂಗರಾಜು ಟೈರುಗಳ ಮೇಲಿಂದ ಎದ್ದು ಹೋಗಿ ಆ ಬಾಗಿಲನ್ನು ಪೂರಾ ತೆರೆದು ಹಿಡಿದುಕೊಂಡ. ಇಳಿಯುತ್ತಿದ್ದ ಆವಲಪ್ಪ ಆ ಕೈಯನ್ನು ನೋಡಿದ, ಆಮೇಲೆ ಮುಖ ನೋಡಿದ. ಏನೂ ಹೇಳದೆ ಕೆಳಗಿಳಿದು, ಮತ್ತೊಮ್ಮೆ ಹತ್ತಲು ಎಡಗಡೆಗೆ ನಡೆದ.